ಹಿತಕಿದ ಬೇಳೆಯ ಮಧ್ಯಾಹ್ನ

ಅವರೆಕಾಯಿಯ ಸೊಗಡು ಕೈಗೆ ಹತ್ತಿದರೆ ಈಗಲೂ ನಂಗಲಿಯ ಮನೆಯ ಆ ಮಧ್ಯಾಹ್ನ ನನ್ನೆದುರು ಬಂದು ನಿಲ್ಲುತ್ತದೆ.

ಯುದ್ಧದ ವರ್ಷಗಳವು. ಕೂಲಿಗೆಂದು ರಂಗೂನಿಗೆ ಹೋಗಿ, ಅಲ್ಲಿನ ಕಾಡಿನ ವಿಹಾರವೊಂದರಲ್ಲಿ ಬೌದ್ಧ ಭಿಕ್ಷುವಾಗಿದ್ದ ಚಿಕ್ಕಪ್ಪ ಹನ್ನೆರಡು ವರ್ಷದ ಮೇಲೆ ಊರಿಗೆ ಬಂದಿದ್ದರು. ಒಳಗೆ ಬರದೆ ಜಗಲಿಯಲ್ಲೇ ಕೂತರು. ಬೋಳುತಲೆ, ಒಡೆದ ಹಿಮ್ಮಡಿ, ಮಡಿಲಲ್ಲಿ ಕಬ್ಬಿಣದ ಭಿಕ್ಷಾಪಾತ್ರೆ. ಸಂಜೆಯೊಳಗೆ ಹೊರಡುವುದಾಗಿ ಹೇಳಿದರು.

ಒಲೆಯ ಪಕ್ಕ ತಂಗಳು ಮುದ್ದೆಯಿತ್ತು. "ಅದನ್ನ ಯಾವ ಮುಖ ಇಟ್ಕೊಂಡು ಇಕ್ಕಲಿ? ಅವನಿಗೆ ಹಿತಕಿದ ಬೇಳೆ ಸಾರು ಅಂದ್ರೆ ಪ್ರಾಣ ಕಣೇ. ಬಾ, ಬೇಗ ಹಿತುಕು" ಎಂದು ಅಜ್ಜಿ ನೆನೆಸಿದ ಅವರೆಕಾಳನ್ನು ನನ್ನ ಮುಂದಿಟ್ಟಳು. ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಬೇಕು. ನಾನು ಬೇಳೆಗಳನ್ನು ಗೋಡೆಗೆ ಚಿಮ್ಮಿಸುತ್ತ ಆಡುತ್ತಿದ್ದೆ.

ಅಜ್ಜಿ ಬಿಸಿ ಮುದ್ದೆ, ಸಾರು ತಂದಾಗ ಚಿಕ್ಕಪ್ಪ ಪಾತ್ರೆಯ ಮೇಲೆ ಅಂಗೈ ಮುಚ್ಚಿದರು. "ಹೊತ್ತು ಇಳೀತು ಕಣಮ್ಮ. ನಡುಹಗಲು ದಾಟಿದ ಮೇಲೆ ನಾವು ಉಣ್ಣೋ ಹಾಗಿಲ್ಲ."

"ಮೊದಲೇ ಅನ್ನಬಾರದಿತ್ತೇನೋ?"

"ನಾವು ಬಾಯಿಬಿಟ್ಟು ಕೇಳೋ ಹಾಗೂ ಇಲ್ಲಮ್ಮ."

"ಒಂದೇ ತುತ್ತು ತಿನು ನಾಯನಾ. ನಿನ್ನ ದೇವ್ರ ಹತ್ರ ನಾನು ಹೇಳ್ಕೋತೀನಿ."

ಅವರು ಮಡಿಲ ಪಾತ್ರೆಯನ್ನು ಎತ್ತಿಕೊಂಡರು. ಆಮೇಲೆ ಎದ್ದು ಮುಳಬಾಗಿಲಿನ ದಾರಿ ಹಿಡಿದರು. ಮತ್ತೆ ಬರಲಿಲ್ಲ.

ಅವತ್ತು ಬೆಳಿಗ್ಗೆ ಬಂದು ಕೂತಾಗಲೇ ಅವರು ಜಗಲಿಯ ಕಂಬದ ನೆರಳು ತೋರಿಸಿ, ಅದು ಬುಡಕ್ಕೆ ಬರುವುದರೊಳಗೆ ಊಟ ಮುಗಿಯಬೇಕು ಎಂದು ನನಗೆ ಹೇಳಿದ್ದರೇ? ಹೇಳಿದ್ದರೆಂದೇ ನೆನಪು. ಆ ನೆನಪನ್ನು ನಾನೇ ಆಮೇಲೆ ಕಟ್ಟಿಕೊಂಡೆನೋ ಏನೋ.

"ನನ್ನ ಕೈ ಅನ್ನ ಬೇಡ ಅಂದ" ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.