ತಳದ ಅಕ್ಷರ

ಹಕ್ಕಿಯ ಬಾಲ ಬರೆಯುವಾಗ ಮುದುಕ ಲೀನ್‌ಹಾರ್ಟನ ಕೈ ನಡುಗಿ, ನೀಲಿ ಗೆರೆ ಮಣ್ಣಿನ ಬಿಯರ್ ಮಗ್ಗಿನ ಹಿಡಿಯವರೆಗೂ ಹರಿಯಿತು. ಗೂಡಿನಲ್ಲಿ ಇನ್ನೂ ಸುಡದ ಬಿಳಿ ಮೆರುಗಿನ ಲೇಪ ಬಣ್ಣವನ್ನು ತಕ್ಷಣ ಹೀರಿಬಿಡುತ್ತದೆ, ಒರೆಸಲು ಬರುವುದಿಲ್ಲ. ಇನ್ನೊಂದು ಮಗ್ಗು ಕೆಡಿಸಿದರೆ ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತದೆ ಎಂದು ಯಜಮಾನರು ಅವನಿಗೆ ಸೋಮವಾರವೇ ಹೇಳಿದ್ದರು.

"ಪಾಪ, ಹಕ್ಕಿ ಸ್ವಲ್ಪ ಜಾಸ್ತಿನೇ ಕುಡಿದಿದೆ," ಎಂದು ಅವನೇ ನಕ್ಕ.

ಪಕ್ಕದಲ್ಲಿ ಕೂತಿದ್ದ ವಾಲ್ಬುರ್ಗಾ ನಗಲಿಲ್ಲ. ಅವಳಿಗೆ ಕುಂಚ ಹಿಡಿಯಲು ಕಲಿಸಿದವನು ಅವನೇ. ಚಿತ್ರ ಬರೆದವರು ಮಗ್ಗಿನ ತಳದಲ್ಲಿ ತಮ್ಮ ಹೆಸರಿನ ಒಂದು ಅಕ್ಷರ ಹಾಕುವುದು ಆನ್ಸ್‌ಬಾಖ್ ಊರಿನ ಆ ಕಾರ್ಖಾನೆಯ ಪದ್ಧತಿ. ಅವಳು ಆಗತಾನೇ ಬರೆದು ಮುಗಿಸಿದ್ದ ಮಗ್ಗಿನ ತಳ ಇನ್ನೂ ಖಾಲಿಯಿತ್ತು. ಅದನ್ನು ಸದ್ದಿಲ್ಲದೆ ಅವನ ಮುಂದೆ ಇಟ್ಟು, ಅವನದನ್ನು ತನ್ನ ಕಡೆಗೆ ತೆಗೆದುಕೊಂಡಳು.

"ಇದು ನಂದು ಮೇಷ್ಟ್ರೇ. ನಂಗಾದ್ರೆ ಎರಡು ಬೈಗುಳ, ಅಷ್ಟೇ. ನಿಮ್ಮ ಮುಂದಿರೋ ಮಗ್ಗಿನ ಕೆಳಗೆ ನಿಮ್ಮ ಅಕ್ಷರ ಹಾಕಿ, ಬೇಗ. ಯಜಮಾನ್ರು ಬರ್ತಿದಾರೆ."

ಲೀನ್‌ಹಾರ್ಟ್ ಮಗ್ಗಿನೊಳಗೆ ಬೆರಳು ತೂರಿಸಿ, ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಒಂದೊಂದು ಗರಿಯನ್ನೂ ನೋಡಿದ.

"ಎಷ್ಟು ಚೆಂದ ಬರ್ದಿದೀಯಾ ಮಗಳೇ. ನಾನು ಹಿಂಗೆ ಯಾವತ್ತೂ ಬರೀಲಿಲ್ಲ."

ಅದನ್ನು ಜೋಪಾನವಾಗಿ ಅವಳ ಮುಂದಿಟ್ಟು, ತನ್ನ ಮಗ್ಗನ್ನು ವಾಪಸು ತೆಗೆದುಕೊಂಡ. ಬೋರಲು ಹಾಕಿ, ತಳದಲ್ಲಿ ತನ್ನ ಅಕ್ಷರ ಬರೆದ; ಅದೂ ಸೊಟ್ಟಗಾಯಿತು. ಆಮೇಲೆ ತನ್ನ ಕುಂಚಗಳನ್ನೆಲ್ಲ ನಿಧಾನವಾಗಿ ತೊಳೆದು, ಅವಳ ಕುಂಚಗಳ ಜೊತೆ ನಿಲ್ಲಿಸಿದ.