ಬಾಣಂತಿಯ ಕಾಲು ಸೂಪು

ಯೂಫೆನ್ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋದದ್ದೇ ತಡ, ಅವಳ ಗಂಡ ದೆಮಾವ್ ಅಡುಗೆಮನೆಗೆ ನುಗ್ಗಿ ಮಡಕೆಯ ಮುಚ್ಚಳ ತೆಗೆದ. ಸೊಸೆಯ ಬಾಣಂತನಕ್ಕೆಂದು ಬೆಳಗಿನಿಂದ ಕುದಿಯುತ್ತಿದ್ದ ಹಂದಿ ಕಾಲಿನ ಸೂಪು. ಆಹಾ, ಏನು ಘಮ! ಕೊಬ್ಬು ಮುಟ್ಟಕೂಡದು ಎಂದು ಡಾಕ್ಟರು ಅಂದದ್ದೇ ಅಂದದ್ದು, ಹೆಂಡತಿ ಅವನಿಗೆ ನವಣೆ ಗಂಜಿ, ಬೇಯಿಸಿದ ಕೋಸು ಬಿಟ್ಟು ಬೇರೇನೂ ಬಡಿಸಿರಲಿಲ್ಲ. ಮನುಷ್ಯನಾದವನು ಎಷ್ಟು ದಿನ ಅಂತ ದನದ ಮೇವು ತಿಂದುಕೊಂಡಿರುತ್ತಾನೆ? ಒಂದು ಬಟ್ಟಲು ಕುಡಿದ, ಇನ್ನೊಂದು ಕುಡಿದ, ಕುಡಿದಷ್ಟು ಬಿಸಿನೀರು ಮಡಕೆಗೆ ಸುರಿದ. ಬಾಯೊರೆಸಿಕೊಂಡು, ಏನೂ ಅರಿಯದ ಸಂಪನ್ನನಂತೆ ಅಂಗಳದ ಬಿಸಿಲಿಗೆ ಬಂದು ಕೂತ. ಹೆರಿಗೆಯಾದಾಗಿನಿಂದ ದಿನವೂ ಇದೇ ಕಥೆ.

ಸೂಪಿನೊಳಗೆ ಬಟ್ಟೆಯ ಗಂಟಿನಲ್ಲಿ ಬೇಯುತ್ತಿದ್ದದ್ದು ಸಾಸಿವೆಯಂಥ ಕಪ್ಪು ಬೀಜ. ಬಾಣಲೆಗೆ ಹಾಕಿದರೆ ಪಟಪಟನೆ ಬಿಳಿ ಹೂವಾಗಿ ಅರಳುವಂಥದ್ದು. ಎದೆಹಾಲು ಹೆಚ್ಚಿಸುವುದರಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ‘ರಾಜ ಹೇಳಿದರೂ ನಿಲ್ಲದ್ದು’ ಎಂದೇ ಅದಕ್ಕೆ ಹೆಸರು. ಆದರೆ ಈ ಮನೆಯಲ್ಲಿ ಮಾತ್ರ ಅದರ ಆಟ ನಡೆಯಲಿಲ್ಲ. ಸೊಸೆ ಸುಯುನ್‌ಗೆ ಹಾಲು ಸಾಲದೆ ಮಗು ಹಗಲೆಲ್ಲ ಕಿರುಚುತ್ತಿತ್ತು. ಇವಳು ತಿಂಗಳು ತುಂಬುವ ಮೊದಲೇ ಕದ್ದು ತಲೆಗೆ ನೀರು ಹಾಕಿಕೊಂಡಿರಬೇಕು, ಕಿಟಕಿ ತೆಗೆದು ಗಾಳಿಗೆ ಮೈಯೊಡ್ಡಿರಬೇಕು, ಇಲ್ಲದಿದ್ದರೆ ಇಷ್ಟು ಸೂಪು ಕುಡಿದವಳಿಗೆ ಹಾಲಿಲ್ಲದಿರುವುದುಂಟೇ ಎಂದು ಯೂಫೆನ್ ಗೋಡೆಯಾಚೆಯವರಿಗೂ ಕೇಳುವಂತೆ ವಟಗುಟ್ಟುತ್ತಿದ್ದಳು. ಮಗುವಿಗೆ ತಿಂಗಳು ತುಂಬಿದ ಔತಣಕ್ಕೆ ಬೀಗಿತ್ತಿ ಬರಲಿ, ಮಗಳಿಗೆ ಇದೇನಾ ನೀವು ಕಲಿಸಿದ್ದು ಎಂದು ನೆಂಟರೆದುರೇ ಕೇಳುತ್ತೇನೆ ಎಂದೂ ಹೇಳಿಟ್ಟಿದ್ದಳು. ಪರದೆಯ ಹಿಂದೆ ಸೊಸೆ ಬಿಕ್ಕುವುದು ಕೇಳಿಸಿದಾಗ ದೆಮಾವ್ ನಾಳೆಯಿಂದ ಬಿಟ್ಟೆ ಎಂದುಕೊಳ್ಳುತ್ತಿದ್ದ. ನಾಳೆ ಬಂದರೆ ಘಮವೂ ಬರುತ್ತಿತ್ತು.

ಒಂದು ಮಧ್ಯಾಹ್ನ ಅವನು ಅಡುಗೆಮನೆಯಿಂದ ಹೊರಬೀಳುವಾಗ ಪರದೆಯ ಹಿಂದಿನಿಂದ ಸುಯುನ್ ಮೆಲ್ಲಗೆ ಕರೆದಳು.

“ಮಾವಾ, ಅಲ್ಲೇ ಇದ್ದೀರಾ? ಏನಿಲ್ಲ, ನಮ್ಮೂರಿನ ಗಾಣದ ತಾತನ ನೆನಪಾಯ್ತು. ಪಾಪ, ಗೊತ್ತಿಲ್ದೆ ಸೊಸೆಗೆ ಮಾಡಿದ ಬೀಜದ ಸೂಪು ಕುಡೀತಿದ್ರಂತೆ.”

“ಹೂಂ. ಆಮೇಲೆ?”

“ಆಮೇಲೇನು, ಆ ಬೀಜಕ್ಕೆ ಗಂಡು ಯಾರು ಹೆಣ್ಣು ಯಾರು ಅಂತ ಗೊತ್ತಾಗುತ್ತಾ ಮಾವ? ಮೊದಲು ಎದೆ ಬಿಗೀತಂತೆ. ಆಮೇಲೆ ಅಂಗಿ ಒದ್ದೆ. ಸಾಯೋವರೆಗೂ, ಬೇಸಿಗೇಲೂ, ಅವರು ಹತ್ತಿ ತುಂಬಿದ ದಪ್ಪ ಕೋಟು ಬಿಚ್ಚಲಿಲ್ಲ.”

ದೆಮಾವ್ ನೇರ ಕೋಣೆಗೆ ಹೋಗಿ, ಚಿಲಕ ಹಾಕಿ, ಕನ್ನಡಿಯೆದುರು ಅಂಗಿ ತೆಗೆದ. ಮೊದಲಿನಿಂದಲೂ ದುಂಡಗಿನ ಆಳು. ತನ್ನ ಎದೆಯನ್ನು ಇಷ್ಟು ಗಮನವಿಟ್ಟು ನೋಡಿದವನಲ್ಲ. ಎಡಗಡೆಯದು ತುಸು ದೊಡ್ಡದಾಗಿದೆಯಲ್ಲವೇ? ಒತ್ತಿದ, ನೋಯಿತು. ಇನ್ನೂ ಜೋರಾಗಿ ಒತ್ತಿದ, ಇನ್ನೂ ನೋಯಿತು. ಊರ ಗಂಡಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಯಲ್ಲಿ ಬಿಸಿನೀರ ತೊಟ್ಟಿಯ ಸುತ್ತ ಕೂರುವ ಗೆಳೆಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಆ ಪೋಲಿಗಳ ಬಾಯಿಗೆ ಬೀಳುವುದಕ್ಕಿಂತ ಬಾವಿಗೆ ಬೀಳುವುದು ವಾಸಿ. ಆಗ ಹೊಳೆಯಿತು ಮದ್ದು. ಮಗುವಿಗೆ ಹಾಲು ಬಿಡಿಸುವ ತಾಯಂದಿರು ಮೊಳಕೆಯ ಜವೆಗೋಧಿ ಹುರಿದು ಕಷಾಯ ಕುಡಿಯುತ್ತಾರೆ, ಎದೆಯ ಹಾಲು ಬತ್ತುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು. ಯೂಫೆನ್ ಕೂಡ ಮಗನಿಗೆ ಹಾಲು ಬಿಡಿಸುವಾಗ ಅದನ್ನೇ ಕುಡಿದಿದ್ದಳು.

ಜವೆಗೋಧಿ ಬಾಣಲೆಯಲ್ಲಿ ಕೆಂಪಗಾಗುವ ಹೊತ್ತಿಗೆ ಸರಿಯಾಗಿ ಯೂಫೆನ್ ಬಾಗಿಲಲ್ಲಿ ನಿಂತಿದ್ದಳು. ವಾಸನೆಯಿಂದಲೇ ಅವಳಿಗೆ ಗೊತ್ತಾಯಿತು. ಮುಖ ಸುಣ್ಣವಾಯಿತು. ಚಿಂಗ್ದಾವ್ ಬಂದರಿಗೆ ಲಾರಿ ಹೊಡೆಯುವ ಮಗ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಹಾಲೂಡಿಸುವವಳು ಸೊಸೆಯೊಬ್ಬಳೇ ಇರುವ ಮನೆಯಲ್ಲಿ, ಹಾಲು ಬತ್ತಿಸುವ ಕಷಾಯವೇ?

“ಏನ್ರೀ, ಇದನ್ನೇನಾ ನೀವು ದಿನಾ ಅವಳ ಸೂಪಿಗೆ ಬೆರೆಸ್ತಿದ್ದದ್ದು? ನಿಮ್ಮ ಮೊಮ್ಮಗ ಕಣ್ರೀ ಅದು.”

“ಅಯ್ಯೋ, ಇದು ಅವಳಿಗಲ್ಲ ಕಣೇ.”

“ಮತ್ಯಾರಿಗೆ?”

ದೆಮಾವ್ ಬಾಣಲೆ ನೋಡಿದ, ಒಲೆ ನೋಡಿದ. ಹೆಂಡತಿಯ ಕಣ್ಣಲ್ಲಿ ಮೊಮ್ಮಗನ ಹೊಟ್ಟೆಗೆ ಕಲ್ಲು ಹಾಕಿದ ಪಾಪಿಯಾಗುವುದೋ, ಊರಿನ ನಗೆಪಾಟಲಾಗುವುದೋ? ಕೊನೆಗೆ ಗಂಟಲಲ್ಲೇ, “ನನಗೆ” ಎಂದ.

ಅಲ್ಲಿಂದ ಒಂದೊಂದಾಗಿ ಎಲ್ಲ ಹೊರಬಿತ್ತು: ಕದ್ದ ಬಟ್ಟಲು, ಸುರಿದ ಬಿಸಿನೀರು, ನೋಯುವ ಎಡಗಡೆ. ಯೂಫೆನ್ ಬೈಯಲಿಲ್ಲ. ಇಷ್ಟು ದಿನ ಸೊಸೆಯನ್ನು ಸುಮ್ಮಸುಮ್ಮನೆ ಅಂದುಬಿಟ್ಟೆನಲ್ಲ ಎಂಬ ಸಂಕಟ ಅವಳಿಗೆ; ಆದರೆ ಅತ್ತೆಯಾದವಳು ತಪ್ಪಾಯಿತು ಎನ್ನುವುದು ಹೇಗೆ? ಪರದೆ ಸರಿಸಿ ಒಳಗೆ ಹೋಗಿ, ಇವತ್ತಿನಿಂದ ಮಡಕೆ ನಿನ್ನ ಮಂಚದ ಪಕ್ಕದಲ್ಲೇ ಇರುತ್ತದೆ ಎಂದಷ್ಟೇ ಹೇಳಿದಳು. ಸುಯುನ್ ರಜಾಯಿಯಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ದೆಮಾವ್‌ಗೂ ಗೊತ್ತಾಯಿತು.

ಯೂಫೆನ್ ಕಿರುಚುತ್ತಿದ್ದ ಮಗುವನ್ನು ಎತ್ತಿಕೊಂಡು ಹೊರಬಂದು, ಗಂಡನ ಮಡಿಲಲ್ಲಿ ಹಾಕಿದಳು.

“ತಗೊಳ್ಳಿ. ಸೂಪು ಕುಡಿದೋರು ನೀವು, ನೀವೇ ಕುಡಿಸಿ.”

ಮಗು ತಟ್ಟನೆ ಅಳು ನಿಲ್ಲಿಸಿತು. ಬಾಯಿ ತೆರೆದು, ಅಜ್ಜನ ಎದೆಗೆ ಮುಖ ಉಜ್ಜಿ, ಅಂಗಿಯ ಗುಂಡಿಯೊಂದನ್ನು ಕಚ್ಚಿ ಹಿಡಿದು ಚೀಪತೊಡಗಿತು.