ಒಣಬಂಡೆ ಮೇಷ್ಟ್ರು ಕಂಡ ಹನಿ

ಮೇಷ್ಟ್ರು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲೇ ಇಲ್ಲ. ಕೆಂಪು ಹರಳಿನ ನಟ್ಟನಡುವೆ ಒಂದು ಹನಿ ನೀರು, ಅದರೊಳಗೊಂದು ಗುಳ್ಳೆ ನಡುಗುತ್ತಿತ್ತು. ಪಕ್ಕದಲ್ಲಿ ನಿಂತ ಶಿಷ್ಯೆ ಅವರನ್ನೇ ನೋಡುತ್ತಿದ್ದಳು. ನೆಲದಾಳದ ಈ ಬಂಡೆಗಳು ನೀರಿನ ಸೋಂಕಿಲ್ಲದೆ ಹುಟ್ಟಿದವು ಎಂದು ಜೀವಮಾನವಿಡೀ ವಾದಿಸಿಕೊಂಡು ಬಂದವರು ಅವರು. ವಿದ್ಯಾರ್ಥಿಗಳೆಲ್ಲ ಬೆನ್ನ ಹಿಂದೆ ‘ಒಣಬಂಡೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು.

“ಆಮೇಲೆ ಯಾವಾಗ್ಲೋ ಬಿರುಕಲ್ಲಿ ಇಳಿದ ನೀರಿರ್ಬೇಕು, ಬಿಡಮ್ಮ,” ಎಂದರು.

“ಬಿರುಕೇ ಇಲ್ಲ ಸಾರ್. ಹರಳಿನ ನಡುವಲ್ಲೇ ಸುಣ್ಣದಂಶ ಜಾಸ್ತಿ ಇದೆ. ಅಂದ್ರೆ ಭಾರೀ ಒತ್ತಡದಲ್ಲಿ, ತುಂಬಾ ಆಳದಲ್ಲಿ ಬೆಳೆದಿದ್ದು. ಹಾಗೆ ಓದೋದು ಕಲಿಸಿದ್ದು ನೀವೇ ಅಲ್ವಾ? ಹನಿ ಆಗ್ಲೇ ಒಳಗೆ ಸೇರ್ಕೊಂಡಿದೆ. ಆಮೇಲೆ ತಣಿದು ಕುಗ್ಗಿದ್ದಕ್ಕೇ ಗುಳ್ಳೆ ಬಂದಿದ್ದು. ಬಿಸಿ ಮಾಡ್ತೀನಿ, ನೋಡಿ.”

ಶಾಖ ಏರಿತು. ಅವಳು ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ನೋಡುತ್ತಲೇ ಇದ್ದಳು: ಗುಳ್ಳೆ ಕುಗ್ಗಿತು, ಚುಕ್ಕೆಯಾಯಿತು, ಮಾಯವಾಯಿತು. ಬೆಟ್ಟಗಳ ಭಾರ ಹೊತ್ತು ಕತ್ತಲಲ್ಲಿ ಕೂತಿದ್ದಾಗ ಹೇಗಿತ್ತೋ ಹಾಗೆ, ಹನಿ ತನ್ನ ಜಾಗವನ್ನೆಲ್ಲ ತುಂಬಿಕೊಂಡು ನಿಂತಿತು. ಮೇಷ್ಟ್ರು ಮಿಸುಕಾಡಲಿಲ್ಲ.

“ಸಾರ್, ಬೇಜಾರಾಯ್ತಾ?”

ಅವರು ತಲೆ ಎತ್ತದೆ, ಕೈ ಮಾತ್ರ ಹಿಂದಕ್ಕೆ ಚಾಚಿ ಅವಳ ತೋಳು ಹಿಡಿದುಕೊಂಡರು.

“ತಣ್ಣಗೆ ಮಾಡು ಮಗಳೇ, ಬೇಗ. ಗುಳ್ಳೆ ವಾಪಸ್ ಬರ್ಲಿ. ಒಣಬಂಡೆ ಮೇಷ್ಟ್ರಿಗೆ ಇನ್ನೊಂದ್ಸಲ ನೋಡ್ಬೇಕಂತೆ.”